ಮಡಿಲುಗಣಕದ ಕಥೆ: ಹಗುರವೋ, ಅಗ್ಗವೋ?

ಡಿಸೆಂಬರ್ ರಜೆಗೆ ಊರಿಗೆ ಹೊರಡುವ ಹೊತ್ತು ಬಂತೆಂದರೆ ಇಲ್ಲಿನ ಕನ್ನಡಿಗರ ಮನೆಗಳಿಗೆ ಒಂದು ಫೋನು ಗ್ಯಾರಂಟಿ. "ಬರೋವಾಗ ಹುಡುಗನಿಗೆ ಒಂದು ಲ್ಯಾಪ್‌ಟಾಪ್ ತಗೊಂಡ್ ಬಾರೋ. ತೀರಾ ದುಬಾರೀದು ಬೇಡ. ಆದ್ರೆ ಭಾರ ಇರಬಾರ್ದು ನೋಡು, ದಿನಾ ಬಸ್ಸಲ್ಲಿ ಹೊತ್ಕೊಂಡು ಹೋಗ್ಬೇಕು." ಕೇಳೋದು ಸೋದರಮಾವನಾಗಿರಬಹುದು, ದೊಡ್ಡಮ್ಮನಾಗಿರಬಹುದು, ಊರಲ್ಲಿ ಪಕ್ಕದ ಮನೆಯವರೂ ಆಗಿರಬಹುದು. ಬೇಡಿಕೆ ಮಾತ್ರ ಒಂದೇ: ಅಗ್ಗ ಇರಬೇಕು, ಹಗುರ ಇರಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನೋ ಹಾಗೆ.

ಇದರಲ್ಲಿ ಏನಪ್ಪಾ ದೊಡ್ಡ ವಿಷಯ, ಅಂಗಡಿಗೆ ಹೋದರೆ ಆಯ್ತು ಅಂತೀರಾ? ಆದರೆ ಈ ಎರಡು ಗುಣಗಳು ಒಂದೇ ಪೆಟ್ಟಿಗೆಯಲ್ಲಿ ಬಂದು ಕೂರಲು ಸುಮಾರು ನಲವತ್ತು ವರ್ಷ ಹಿಡಿಯಿತು. ಆ ಕಥೆಯ ಬಹುಪಾಲು ನಡೆದದ್ದು ನಾವು ದಿನಾ ಕಾರು ಓಡಿಸುವ ಈ ಬೇ ಏರಿಯಾದ ರಸ್ತೆಗಳ ಅಕ್ಕಪಕ್ಕದಲ್ಲೇ. ನಡುವೆ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿ. ಲ್ಯಾಪ್‌ಟಾಪಿಗೆ ಮಡಿಲುಗಣಕ ಅಂತಲೂ ತೊಡೆಗಣಕ ಅಂತಲೂ ಕನ್ನಡದಲ್ಲಿ ಕರೆದವರಿದ್ದಾರೆ. ಯಾವ ಹೆಸರಾದರೂ ಸರಿ, ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುವ ಹಾಗೆ ಅದು ಆಗಿದ್ದು ಹೇಗೆ ಅನ್ನೋದನ್ನ ಸ್ವಲ್ಪ ನೋಡೋಣ ಬನ್ನಿ.

ರಟ್ಟಿನ ಪೆಟ್ಟಿಗೆಯಲ್ಲಿ ಸೀಸದ ಗುಂಡು

1968ರಲ್ಲಿ ಅಲನ್ ಕೇ ಎಂಬ ವಿದ್ಯಾರ್ಥಿ ಯೂಟಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ಆಗ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ. ಈತನಿಗೆ ಮಾತ್ರ ಮಕ್ಕಳು ಪಾಟಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಕಂಪ್ಯೂಟರ್ ಬೇಕಿತ್ತು. ತಯಾರಿಸಲು ಬಿಡಿಭಾಗಗಳೇ ಹುಟ್ಟಿರಲಿಲ್ಲವಲ್ಲ, ಹಾಗಾಗಿ ರಟ್ಟಿನಲ್ಲಿ ಒಂದು ಮಾದರಿ ಮಾಡಿದ. ಎಷ್ಟು ತೂಕ ಇದ್ದರೆ ಜನ ಹೊತ್ತುಕೊಂಡು ಓಡಾಡಬಹುದು ಅಂತ ತಿಳಿಯಲು ಅದರೊಳಗೆ ಸೀಸದ ಗುಂಡುಗಳನ್ನು ಸುರಿದು ಎತ್ತಿ ನೋಡಿದ. ಬಂದ ಉತ್ತರ: ಎರಡು ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 900 ಗ್ರಾಂ. ಕಂಪ್ಯೂಟರ್ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ತಕ್ಕಡಿ ಕೂಡ ಬೇಡ, ಕೈಯೇ ಹೇಳುತ್ತೆ!

ಮುಂದೆ ಕೇ, ಪಾಲೋ ಆಲ್ಟೋದಲ್ಲಿ 1970ರಲ್ಲಿ ಶುರುವಾದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ 'ಪಾರ್ಕ್' ಸೇರಿದ. 1972ರಲ್ಲಿ ಬರೆದ ಲೇಖನದಲ್ಲಿ ಈ ಕನಸಿಗೆ 'ಡೈನಾಬುಕ್' ಅಂತ ಹೆಸರಿಟ್ಟ. ಅದರಲ್ಲಿ ತೂಕದ ಮಿತಿ ಕೊಂಚ ಸಡಿಲವಾಗಿ ನಾಲ್ಕು ಪೌಂಡಿಗೆ ಬಂದಿತ್ತು, ಬೆಲೆ ಐನೂರು ಡಾಲರಿನ ಆಸುಪಾಸು. ಗಮನಿಸಿ, ಮೊದಲ ದಿನದಿಂದಲೇ ಎರಡೂ ಲೆಕ್ಕ ಇದ್ದವು, ತೂಕದ್ದೂ ಬೆಲೆಯದ್ದೂ. ಸೋದರಮಾವ ಕೇಳುವುದನ್ನೇ ಆತನೂ ಕೇಳಿದ್ದ.

1978ರಲ್ಲಿ ಇದೇ ಪಾರ್ಕ್‌ನಲ್ಲಿ ಅಡೆಲ್ ಗೋಲ್ಡ್‌ಬರ್ಗ್, ಅಲನ್ ಕೇ, ಲ್ಯಾರಿ ಟೆಸ್ಲರ್, ಡಗ್ ಫೇರ್‌ಬೇರ್ನ್ ಸೇರಿಕೊಂಡು 'ನೋಟ್‌ಟೇಕರ್' ಅನ್ನುವ ಯಂತ್ರ ಮಾಡಿದರು. ಹೆಸರಿಗೆ ಟಿಪ್ಪಣಿ ಪುಸ್ತಕ, ತೂಕ 22 ಕೆ.ಜಿ.! ಬೆರಳೆಣಿಕೆಯಷ್ಟು ಮಾದರಿಗಳಾದವು, ಮಾರುಕಟ್ಟೆಗೆ ಬರಲೇ ಇಲ್ಲ. ಆದರೆ ಮುಚ್ಚಳದಂತೆ ಬಿಚ್ಚಿಕೊಳ್ಳುವ ಕೀಬೋರ್ಡು, ಪುಟ್ಟ ಪರದೆ, ಪಕ್ಕದಲ್ಲಿ ಫ್ಲಾಪಿ ಅನ್ನುವ ಆಕಾರ ಅಲ್ಲಿ ಸಿದ್ಧವಾಗಿತ್ತು.

ತಿರುವಣ್ಣಾಮಲೈಯಲ್ಲಿ ಬೆಳೆದ ಹುಡುಗ

ಈಗ ಡಂಬಾರ್ಟನ್ ಸೇತುವೆ ದಾಟಿ ಹೇವರ್ಡ್‌ಗೆ ಬನ್ನಿ. ಫ್ರೀಮಾಂಟಿನಲ್ಲಿ ಇರುವ ನಮ್ಮವರಿಗೆ ಹೇವರ್ಡ್ ಅಂದರೆ ಟ್ರಾಫಿಕ್ ಜಾಮು ಅಷ್ಟೇ ನೆನಪಾಗೋದು. ಆದರೆ ಅಂಗಡಿಯಲ್ಲಿ ನಿಜವಾಗಿ ಮಾರಾಟವಾಗಿ ಗೆದ್ದ ಮೊದಲ 'ಹೊತ್ತೊಯ್ಯುವ' ಕಂಪ್ಯೂಟರ್ ಬಂದದ್ದು ಇದೇ ಊರಿನ ಕಂಪನಿಯಿಂದ. ಅದರ ಯಜಮಾನ ಆಡಮ್ ಆಸ್ಬರ್ನ್.

ಈ ಮನುಷ್ಯನ ಬಾಲ್ಯ ಕೇಳಿದರೆ ನೀವು ನಂಬಲಿಕ್ಕಿಲ್ಲ. ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕಿನಲ್ಲಿ. ತಂದೆ ಆರ್ಥರ್ ಆಸ್ಬರ್ನ್ ಇಂಗ್ಲಿಷರು, ತಾಯಿ ಪೋಲೆಂಡಿನವರು. ಇಬ್ಬರೂ ರಮಣ ಮಹರ್ಷಿಗಳ ಭಕ್ತರು. ಎರಡನೇ ಮಹಾಯುದ್ಧದಲ್ಲಿ ತಂದೆ ಜಪಾನೀಯರ ಸೆರೆಯಲ್ಲಿದ್ದಾಗ ತಾಯಿ ಮತ್ತು ಮಕ್ಕಳು ತಿರುವಣ್ಣಾಮಲೈಯಲ್ಲಿದ್ದರು. ರಮಣರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದ, 'ಮೌಂಟನ್ ಪಾತ್' ಪತ್ರಿಕೆಯನ್ನು 1964ರಲ್ಲಿ ಶುರುಮಾಡಿದ ಆರ್ಥರ್ ಆಸ್ಬರ್ನ್ ಇವರೇ. ಹೀಗೆ ಅರುಣಾಚಲದ ತಪ್ಪಲಲ್ಲಿ ಆಡಿ ಬೆಳೆದು, ಕೊಡೈಕನಾಲಿನಲ್ಲಿ ಶಾಲೆಗೆ ಹೋಗಿ, ಹನ್ನೊಂದರ ವಯಸ್ಸಿಗೆ ಇಂಗ್ಲೆಂಡಿಗೆ ಹೋದ ಹುಡುಗ ಬರ್ಮಿಂಗ್‌ಹ್ಯಾಮಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ. ಅಮೆರಿಕಾಕ್ಕೆ ಬಂದು ಡಾಕ್ಟರೇಟ್ ಪಡೆದ. ಒಂದು ತೈಲ ಕಂಪನಿಯಲ್ಲಿ ಕೆಲಸ ಮಾಡಿದ. ಆಮೇಲೆ ಮೈಕ್ರೋಕಂಪ್ಯೂಟರ್ ಬಗ್ಗೆ ಪುಸ್ತಕಗಳನ್ನು ಬರೆದು, ತಾನೇ ಪ್ರಕಟಿಸಿ, ಆ ಪ್ರಕಾಶನವನ್ನು 1979ರಲ್ಲಿ ಮೆಕ್‌ಗ್ರಾ-ಹಿಲ್‌ಗೆ ಮಾರಿದ.

ಕೈಯಲ್ಲಿ ದುಡ್ಡಿತ್ತು, ತಲೆಯಲ್ಲಿ ಒಂದು ಸಿದ್ಧಾಂತ ಇತ್ತು. ಜನಕ್ಕೆ ಅತ್ಯುತ್ತಮವಾದದ್ದು ಬೇಕಿಲ್ಲ, ಕೆಲಸಕ್ಕೆ ಸಾಕಾಗುವಷ್ಟು ಇದ್ದರೆ ಸಾಕು, ಅನ್ನೋದು ಆತನ ವಾದ. ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳನ್ನು ನಡೆಸಿಕೊಡುತ್ತಿದ್ದ ಲೀ ಫೆಲ್ಸನ್‌ಸ್ಟೈನ್ ಎಂಬ ಎಂಜಿನಿಯರ್ ಕೈಯಲ್ಲಿ ಯಂತ್ರದ ವಿನ್ಯಾಸ ಮಾಡಿಸಿದ. 1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ 'ಆಸ್ಬರ್ನ್ 1' ಹೊರಬಂತು. ಬೆಲೆ 1,795 ಡಾಲರ್. ಇವತ್ತಿನ ಲೆಕ್ಕದಲ್ಲಿ ಆರು ಸಾವಿರ ಡಾಲರ್ ದಾಟುತ್ತದೆ, ಆದರೆ ಆ ಕಾಲಕ್ಕೆ ಅದು ಅಗ್ಗವೇ. ಯಾಕಂದ್ರೆ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್, ಎರಡು ಥರದ ಬೇಸಿಕ್ ಎಲ್ಲಾ ಜೊತೆಗೇ ಬರುತ್ತಿತ್ತು. ಅವನ್ನೆಲ್ಲ ಬಿಡಿಯಾಗಿ ಕೊಂಡರೆ ಹತ್ತಿರ ಹತ್ತಿರ 1,500 ಡಾಲರ್ ಆಗುತ್ತಿತ್ತು. ಸಾಫ್ಟ್‌ವೇರ್ ಕೊಂಡರೆ ಕಂಪ್ಯೂಟರ್ ಪುಕ್ಕಟೆ ಅನ್ನೋ ಹಾಗೆ!

ತೂಕ? 24.5 ಪೌಂಡ್, ಅಂದರೆ 11 ಕೆ.ಜಿ. ನೋಡೋಕೆ ನಮ್ಮ ಅಮ್ಮಂದಿರ ಹೊಲಿಗೆ ಮಿಷನ್ನಿನ ಪೆಟ್ಟಿಗೆಯ ಥರ. ಕೀಬೋರ್ಡೇ ಮುಚ್ಚಳ. ಐದು ಇಂಚಿನ ಪರದೆ, ಒಂದು ಸಾಲಿಗೆ 52 ಅಕ್ಷರ. 64 ಕಿಲೋಬೈಟ್ ಮೆಮೊರಿ. ಒಳಗೆ ಬ್ಯಾಟರಿ ಇಲ್ಲವೇ ಇಲ್ಲ, ಗೋಡೆಯ ಪ್ಲಗ್ಗು ಸಿಗೋವರೆಗೂ ಅದು ಬರೀ ಲಗೇಜು. ಆದರೂ ವಿಮಾನದ ಸೀಟಿನ ಕೆಳಗೆ ಹಿಡಿಸುವ ಅಳತೆಯಲ್ಲೇ ಅದನ್ನು ಮಾಡಿದ್ದರು. ಪ್ರಯಾಣಕ್ಕೆ ತಕ್ಕ ಕಂಪ್ಯೂಟರ್ ಎಂಬ ಲೆಕ್ಕ ಶುರುವಾಗಿದ್ದು ಹೀಗೆ, ವಿಮಾನದ ಸೀಟಿನ ಅಡಿಯ ಜಾಗವನ್ನು ಅಳೆದು. (ಇವತ್ತು ಹಲವು ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ. ಆಸ್ಬರ್ನ್ 1 ಹಿಡಿದು ಹೋದರೆ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ.)

ಮೊದಲ ಎಂಟು ತಿಂಗಳಲ್ಲಿ 11,000 ಮಾರಾಟವಾದವು. ಉತ್ತುಂಗದಲ್ಲಿ ತಿಂಗಳಿಗೆ 10,000 ಹೋಗುತ್ತಿದ್ದವು. ಆಮೇಲೆ ಬಿದ್ದದ್ದೂ ಅಷ್ಟೇ ಬೇಗ. 1982ರಲ್ಲಿ ಕೇಪ್ರೋ ಕಂಪನಿ ಅದೇ 1,795 ಡಾಲರಿಗೆ ಒಂಬತ್ತು ಇಂಚಿನ ಪರದೆ ಕೊಟ್ಟಿತು. ಅತ್ತ ಕಾಂಪ್ಯಾಕ್, ಐಬಿಎಂ ಪೀಸಿಯ ಸಾಫ್ಟ್‌ವೇರೇ ಓಡುವ ಪೆಟ್ಟಿಗೆ ತಂದಿತು. ಇತ್ತ ಆಸ್ಬರ್ನ್ 1983ರಲ್ಲಿ ತನ್ನ ಮುಂದಿನ ಮಾದರಿಯ ಬಗ್ಗೆ ಮುಂಚೆಯೇ ಹೇಳಿಕೊಂಡದ್ದರಿಂದ ಅಂಗಡಿಯವರು ಹಳೆಯದರ ಆರ್ಡರ್ ನಿಲ್ಲಿಸಿದರು ಅನ್ನೋದು ಪ್ರಸಿದ್ಧ ಕಥೆ. ಎಂಬಿಎ ಪುಸ್ತಕಗಳಲ್ಲಿ 'ಆಸ್ಬರ್ನ್ ಎಫೆಕ್ಟ್' ಅಂತ ಓದಿರುತ್ತೀರಿ. ಆ ಒಂದೇ ಕಾರಣಕ್ಕೆ ಮುಳುಗಿತು ಅನ್ನೋದನ್ನ ಒಪ್ಪದವರೂ ಇದ್ದಾರೆ. ಪೈಪೋಟಿ ಮತ್ತು ಒಳಗಿನ ಹಣದ ನಿರ್ವಹಣೆ ಎರಡೂ ಕೆಟ್ಟಿದ್ದವು ಅಂತಾರೆ ಅವರು. ಏನೇ ಇರ್ಲಿ, 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಡಮ್ ಆಸ್ಬರ್ನ್ 1992ರಲ್ಲಿ ಭಾರತಕ್ಕೆ ಮರಳಿ, 2003ರಲ್ಲಿ ತಾನು ಓದಿದ ಕೊಡೈಕನಾಲಿನಲ್ಲೇ ತೀರಿಕೊಂಡ.

ಹಗುರ ಬೇಕಾ? ಎಂಟು ಸಾವಿರ ಕೊಡಿ

ಅದೇ ಹೊತ್ತಿನಲ್ಲಿ ಕೊಲ್ಲಿಯ ಈಚೆ ದಡದಲ್ಲಿ, ಮೌಂಟನ್ ವ್ಯೂನಲ್ಲಿ, ಪೂರ್ತಿ ಉಲ್ಟಾ ದಾರಿ ಹಿಡಿದವರಿದ್ದರು. ಪಾರ್ಕ್‌ನಿಂದ ಹೊರಬಂದ ಜಾನ್ ಎಲೆನ್‌ಬಿ 1979ರಲ್ಲಿ ಗ್ರಿಡ್ ಸಿಸ್ಟಮ್ಸ್ ಶುರುಮಾಡಿದ. ವಿನ್ಯಾಸಕ್ಕೆ ಬಿಲ್ ಮಾಗ್ರಿಡ್ಜ್ ಸಿಕ್ಕಿದ. 1982ರಲ್ಲಿ ಬಂದ 'ಗ್ರಿಡ್ ಕಂಪಾಸ್' ನೋಡಿದರೆ ಇವತ್ತಿನ ಲ್ಯಾಪ್‌ಟಾಪಿನ ಅಜ್ಜ ಅಂತ ಯಾರಾದರೂ ಗುರುತು ಹಿಡಿಯಬಹುದು. ಪರದೆಯನ್ನು ಕೀಬೋರ್ಡಿನ ಮೇಲೆ ಪುಸ್ತಕ ಮುಚ್ಚಿದ ಹಾಗೆ ಮುಚ್ಚುವ ಆ ಆಕಾರ ಅಲ್ಲಿಂದಲೇ ಬಂದದ್ದು. ಮೆಗ್ನೀಸಿಯಂ ಮಿಶ್ರಲೋಹದ ಮೈ, 320×240 ಚುಕ್ಕಿಗಳ ಕಿತ್ತಳೆ ಬೆಳಕಿನ ಚಪ್ಪಟೆ ಪರದೆ, ತಿರುಗುವ ಡಿಸ್ಕಿನ ಬದಲು 340 ಕಿಲೋಬೈಟ್ 'ಬಬಲ್ ಮೆಮೊರಿ'. ತೂಕ ಸುಮಾರು 5 ಕೆ.ಜಿ., ಆಸ್ಬರ್ನಿನ ಅರ್ಧಕ್ಕಿಂತ ಕಡಿಮೆ. ಬೆಲೆ 8,150 ಡಾಲರ್, ಆಸ್ಬರ್ನಿನ ನಾಲ್ಕೂವರೆ ಪಟ್ಟು! ಇವತ್ತಿನ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೇಲೆ.

ಇಷ್ಟು ಕೊಟ್ಟು ತಗೊಳ್ಳೋರು ಯಾರು? ಅಮೆರಿಕಾದ ಸರ್ಕಾರ, ಸೈನ್ಯ, ದೊಡ್ಡ ಕಂಪನಿಗಳ ಮೇಲಧಿಕಾರಿಗಳು. 1983ರ ಕೊನೆಯಲ್ಲಿ ನಾಸಾದ ಸ್ಪೇಸ್ ಶಟ್ಲ್‌ನಲ್ಲಿ ಇದು ಬಾಹ್ಯಾಕಾಶಕ್ಕೂ ಹೋಗಿಬಂತು. ಹಗುರವಾದ ಲ್ಯಾಪ್‌ಟಾಪಿಗೆ ಮೊದಲ ಗಿರಾಕಿಗಳಲ್ಲಿ ಗಗನಯಾತ್ರಿಯೂ ಒಬ್ಬ ಅಂದರೆ ತಪ್ಪಿಲ್ಲ, ಅಲ್ಲಿ ಪ್ರತಿ ಗ್ರಾಮಿಗೂ ದುಡ್ಡು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೇವರ್ಡಿನದು ಅಗ್ಗ, ಭಾರ. ಮೌಂಟನ್ ವ್ಯೂನದು ಹಗುರ, ದುಬಾರಿ. ನಡುವೆ ಇರೋದು ಒಂದು ಕೊಲ್ಲಿ ಮಾತ್ರ, ಸೇತುವೆ ಹತ್ತಿದರೆ ಅರ್ಧ-ಮುಕ್ಕಾಲು ಗಂಟೆ. ಎಂಜಿನಿಯರಿಂಗ್ ಕಾರಣ ಸರಳ. ಆಗ ಹಗುರವಾದ ಪ್ರತಿ ಭಾಗವೂ, ಅಂದರೆ ಚಪ್ಪಟೆ ಪರದೆ, ಅಲುಗಾಡದ ಮೆಮೊರಿ, ಲೋಹದ ಮೈ, ಸಣ್ಣ ಸಂಖ್ಯೆಯಲ್ಲಿ ಕಷ್ಟಪಟ್ಟು ತಯಾರಾಗುತ್ತಿತ್ತು. ಭಾರವಾದ ಭಾಗಗಳು, ಟೀವಿಯ ಥರದ ಗಾಜಿನ ಕೊಳವೆ, ಫ್ಲಾಪಿ ಡ್ರೈವು, ಲಕ್ಷಗಟ್ಟಲೆ ತಯಾರಾಗಿ ಸಂತೆಯಲ್ಲಿ ಸಿಗುವಂತಿದ್ದವು. ದುಡ್ಡು ಉಳಿಸಬೇಕಾದರೆ ಬೆನ್ನು ಬಗ್ಗಿಸಬೇಕು, ಬೆನ್ನು ಉಳಿಸಬೇಕಾದರೆ ದುಡ್ಡು ಸುರಿಯಬೇಕು.

ಎರಡನ್ನೂ ಒಟ್ಟಿಗೆ ಕೊಟ್ಟ ಒಂದು ಯಂತ್ರ 1983ರಲ್ಲೇ ಬಂತು. ಜಪಾನಿನ ಕ್ಯೋಸೆರಾ ತಯಾರಿಸಿ ಅಮೆರಿಕಾದಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳು ಮಾರಿದ 'ಮಾಡೆಲ್ 100'. 799 ಡಾಲರಿನಿಂದ ಶುರು, ಒಂದೂವರೆ ಕಿಲೋಗಿಂತ ಕಡಿಮೆ, ಟಾರ್ಚಿಗೆ ಹಾಕುವಂಥ ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ಇಪ್ಪತ್ತು ಗಂಟೆ ಓಡುತ್ತಿತ್ತು. ಪತ್ರಕರ್ತರು ಇದನ್ನು ಬಹಳ ಹಚ್ಚಿಕೊಂಡರು. ಊರೂರು ಅಲೆದು ಅಲ್ಲೇ ವರದಿ ಟೈಪ್ ಮಾಡಿ ಟೆಲಿಫೋನ್ ತಂತಿಯ ಮೂಲಕ ಆಫೀಸಿಗೆ ಕಳಿಸುತ್ತಿದ್ದರು. ಆದರೆ ಪರದೆಯಲ್ಲಿ ಕಾಣುವುದು ಎಂಟೇ ಸಾಲು, ಸಾಲಿಗೆ 40 ಅಕ್ಷರ. ಬರೆಯೋಕೆ ಭೇಷ್, ಬೇರೆ ಬಹಳಷ್ಟಕ್ಕೆ ಸಾಲದು. ಇಲ್ಲಿಗೆ ಮೂರನೇ ತೂಕದ ಬಟ್ಟು ಸಿಕ್ಕಿತು: ಬೆಲೆ, ಭಾರ, ಕಸುವು. ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ, ಮೂರನೆಯದನ್ನು ಬಿಡಿ. ಮುಂದಿನ ಇಪ್ಪತ್ತೈದು ವರ್ಷ ಎಲ್ಲರೂ ಆಡಿದ್ದು ಇದೇ ಆಟ.

ಬೆಂಗಳೂರಿನ ಉತ್ತರ

ಕಥೆ ಈಗ ನಮ್ಮೂರಿಗೆ ಬರುತ್ತದೆ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಐಟಿ ಸಮಾವೇಶದ ಚರ್ಚೆಗಳಲ್ಲಿ ಹುಟ್ಟಿದ ಯೋಚನೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿಕೊಂಡರು. 2001ರ ಏಪ್ರಿಲ್‌ನಲ್ಲಿ ಮಾದರಿ ತೋರಿಸಿದರು. ಗುರಿ ಇಟ್ಟ ಬೆಲೆ ಸುಮಾರು 9,000 ರೂಪಾಯಿ, ಆಗಿನ 200 ಡಾಲರ್. ಅಂಗೈಯಗಲದ ಯಂತ್ರ, ಒಳಗೆ ಲೈನಕ್ಸ್, ಇಂಟೆಲಿನ ಸ್ಟ್ರಾಂಗ್‌ಆರ್ಮ್ ಚಿಪ್ಪು.

ನನಗೆ ಇದರಲ್ಲಿ ಮೆಚ್ಚುಗೆಯಾಗೋದು ಎರಡು ವಿಷಯ. ಒಂದು, ಇದು ಕನ್ನಡ, ಹಿಂದಿ, ತಮಿಳಿನಲ್ಲಿ ಮಾತಾಡುತ್ತಿತ್ತು, ಬರೆದದ್ದನ್ನು ಓದಿ ಹೇಳುತ್ತಿತ್ತು. ಓದು ಬಾರದ ರೈತನೂ ಬಳಸಬೇಕು ಅನ್ನೋದು ಉದ್ದೇಶ. ಎರಡನೆಯದು ಸ್ಮಾರ್ಟ್‌ಕಾರ್ಡ್ ತೂರಿಸುವ ಜಾಗ. 9,000 ರೂಪಾಯಿಯೂ ಬಡವನಿಗೆ ಹೆಚ್ಚೇ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಯಂತ್ರ ಊರಿಗೊಂದು, ಕಾರ್ಡು ತಲೆಗೊಂದು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಕಂಪ್ಯೂಟರ್, ನನ್ನದು ತೂರಿಸಿದರೆ ನನ್ನದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಲೆ ಇಳಿಸಲು ಭಾಗಗಳನ್ನು ಕಡಿಮೆ ಮಾಡುತ್ತಿದ್ದರೆ, ಬೆಂಗಳೂರಿನವರು ಒಂದೇ ಯಂತ್ರವನ್ನು ಹತ್ತು ಜನಕ್ಕೆ ಹಂಚಿ ತಲಾ ಬೆಲೆ ಇಳಿಸಿದರು. ಊರ ಬಾವಿಯ ಲೆಕ್ಕ ಇದು.

2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಕಂಪನಿ ಮತ್ತು ಜಾಲಹಳ್ಳಿಯ ಬಿ.ಇ.ಎಲ್. ಸೇರಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ತಂದವು. ಕಪ್ಪು-ಬಿಳುಪಿನದು ಹತ್ತು ಸಾವಿರದ ಹತ್ತಿರ, ಬಣ್ಣದ ಪರದೆಯದು ಅದಕ್ಕಿಂತ ಮೇಲೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಪುಟ ಮಗುಚುವ ಸೆನ್ಸರ್ ಅದರಲ್ಲಿತ್ತು, ಐಫೋನಿಗೆ ಮೂರು ವರ್ಷ ಮೊದಲೇ. ಆದರೂ ಮಾರಾಟವಾಗಿದ್ದು ಕೆಲವೇ ಸಾವಿರ. ಕಾರಣಗಳು ಹಲವು. ಸರ್ಕಾರ ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲ. ದೊಡ್ಡ ಸಂಖ್ಯೆ ಇಲ್ಲದೆ ಬೆಲೆ ಇಳಿಯಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿ ಹಳ್ಳಿಗೆ ಬಂದುಬಿಟ್ಟಿತು.

2005ರ ಮೇ ತಿಂಗಳಲ್ಲಿ ಎನ್‌ಕೋರ್ ಇನ್ನೊಂದು ಪ್ರಯತ್ನ ಮಾಡಿತು, ಅದು ಇನ್ನೂ ಕಡಿಮೆ ಜನಕ್ಕೆ ನೆನಪಿದೆ. ಕೇಂದ್ರ ಸರ್ಕಾರದ ಸಿ.ಎಸ್.ಐ.ಆರ್. ನೆರವಿನಿಂದ ಮಾಡಿದ 'ಮೊಬಿಲಿಸ್'. ಇದಕ್ಕೆ ಲ್ಯಾಪ್‌ಟಾಪಿನ ಹಾಗೆ ಕೀಬೋರ್ಡೂ ಇತ್ತು. ತೂಕ ಒಂದು ಕಿಲೋಗಿಂತ ಕಡಿಮೆ, ಬೆಲೆ ಸುಮಾರು 15,000 ರೂಪಾಯಿ. ಬಿಡುಗಡೆ ಮಾಡಿದ್ದು ಆಗಿನ ವಿಜ್ಞಾನ ಸಚಿವ ಕಪಿಲ್ ಸಿಬಲ್. ಆರು ವರ್ಷದ ಮೇಲೆ, 2011ರಲ್ಲಿ, 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ದೂ ಅವರೇ. ಎರಡೂ ನಿಲ್ಲಲಿಲ್ಲ. ಆದರೆ ಕಾಲದ ಲೆಕ್ಕ ನೋಡಿ, ಅಗ್ಗದ, ಹಗುರದ, ಲೈನಕ್ಸ್ ಓಡುವ ಪುಟ್ಟ ಯಂತ್ರ ಅನ್ನುವ ಮಾತನ್ನು ಬೆಂಗಳೂರು ಆಡಿದ್ದು, ಜಗತ್ತು ಅದನ್ನು ಕೊಳ್ಳಲು ಶುರುಮಾಡುವುದಕ್ಕಿಂತ ಎರಡು ವರ್ಷ ಮುಂಚೆ.

ಎರಡು ಪೌಂಡು, ಒಂದು ಲಕೋಟೆ

2005ರ ಜನವರಿಯಲ್ಲಿ ಎಂಐಟಿಯ ನಿಕೋಲಸ್ ನೆಗ್ರೊಪೊಂಟೆ, ಬಡ ದೇಶಗಳ ಮಕ್ಕಳಿಗೆ ನೂರು ಡಾಲರಿನ ಲ್ಯಾಪ್‌ಟಾಪ್ ಕೊಡುತ್ತೇನೆ ಅಂತ ಡಾವೋಸಿನಲ್ಲಿ ಸಾರಿದ. 2007ರ ಕೊನೆಗೆ ತಯಾರಾಗಿ ಬಂದಾಗ ಬೆಲೆ ಇನ್ನೂರರ ಹತ್ತಿರ ಹೋಗಿತ್ತು. ಪೆರು, ಉರುಗ್ವೆ ದೇಶಗಳು ಲಕ್ಷಗಟ್ಟಲೆ ಕೊಂಡವು, ಭಾರತ ಸರ್ಕಾರ 2006ರಲ್ಲೇ ಬೇಡ ಅಂದಿತ್ತು. ಆದರೆ ಆ ಮಾತಿನಿಂದ ಎಚ್ಚೆತ್ತದ್ದು ತೈವಾನಿನ ಕಂಪನಿಗಳು. 2007ರ ಅಕ್ಟೋಬರ್‌ನಲ್ಲಿ ಏಸುಸ್ 'ಈ ಪೀಸಿ' ತಂದಿತು. ಏಳು ಇಂಚಿನ ಪರದೆ, 4 ಗಿಗಾಬೈಟ್ ಜಾಗ, ಲೈನಕ್ಸ್. ಇಲ್ಲಿ ಬೆಲೆ 399 ಡಾಲರ್. ತೂಕ 0.92 ಕೆ.ಜಿ. ಅಲನ್ ಕೇ ರಟ್ಟಿನ ಪೆಟ್ಟಿಗೆಗೆ ಸೀಸ ಸುರಿದು ಕಂಡುಕೊಂಡಿದ್ದ ಎರಡು ಪೌಂಡಿಗೆ ಹೆಚ್ಚುಕಮ್ಮಿ ಸರಿಯಾಗಿ! ನಲವತ್ತು ವರ್ಷಕ್ಕೆ ಒಂದು ವರ್ಷ ಕಡಿಮೆ. ಕಸುವು ಮಾತ್ರ ಬಹಳ ಕಡಿಮೆ, ಬೆರಳು ದಪ್ಪ ಇದ್ದವರಿಗೆ ಕೀಬೋರ್ಡ್ ಒಂದು ಶಿಕ್ಷೆ.

ಮೂರು ತಿಂಗಳಿಗೆ, 2008ರ ಜನವರಿ 15ರಂದು, ಸ್ಯಾನ್ ಫ್ರಾನ್ಸಿಸ್ಕೋದ ಮಾಸ್ಕೋನ್ ಸೆಂಟರಿನಲ್ಲಿ ಸ್ಟೀವ್ ಜಾಬ್ಸ್ ಒಂದು ಆಫೀಸ್ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದ. 1.36 ಕೆ.ಜಿ., 1,799 ಡಾಲರ್. ಆಸ್ಬರ್ನ್ 1ರ ಬೆಲೆಗಿಂತ ಬರೀ ನಾಲ್ಕು ಡಾಲರ್ ಹೆಚ್ಚು, ಕಾಕತಾಳೀಯ ಅನ್ನಿ. ತಿರುಗುವ ಡಿಸ್ಕಿನ ಬದಲು ಚಿಪ್ಪಿನ ಡಿಸ್ಕು ಬೇಕಾದರೆ ಅದಕ್ಕೇ ಇನ್ನೊಂದು 999 ಡಾಲರ್! ಅಂದರೆ 1982ರ ಆಟವೇ ಮತ್ತೆ. ಈ ಪೀಸಿ ಹೇವರ್ಡಿನ ದಾರಿ, ಏರ್ ಮೌಂಟನ್ ವ್ಯೂ ದಾರಿ.

ಆದರೆ ಈ ಸಲ ಎರಡು ದಾರಿಗಳೂ ಕೂಡಿದವು. 2010ರ ಅಕ್ಟೋಬರ್‌ನಲ್ಲಿ ಬಂದ ಹೊಸ ಏರ್‌ಗಳಲ್ಲಿ ಚಿಪ್ಪಿನ ಡಿಸ್ಕೇ ಮಾಮೂಲು. 11 ಇಂಚಿನದು 1.06 ಕೆ.ಜಿ., 999 ಡಾಲರ್. 2011ರಲ್ಲಿ ಸ್ಯಾಂಟಾ ಕ್ಲಾರಾದ ಇಂಟೆಲ್ 'ಅಲ್ಟ್ರಾಬುಕ್' ಅಂತ ಬೇರೆ ಕಂಪನಿಗಳನ್ನೂ ಅದೇ ದಾರಿಗೆ ತಳ್ಳಿತು. ಅದೇ ವರ್ಷ ಗೂಗಲ್ ಕ್ರೋಮ್‌ಬುಕ್ ತಂದಿತು. 2012ರ ಕೊನೆಗೆ ಬಂದ ಸ್ಯಾಮ್‌ಸಂಗ್ ಕ್ರೋಮ್‌ಬುಕ್ 249 ಡಾಲರ್, 1.1 ಕೆ.ಜಿ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ಪು ಹಾಕಿ ಫ್ಯಾನೇ ಇಲ್ಲದ ಏರ್ ಮಾಡಿದಾಗ, ಫೋನಿನ ಚಿಪ್ಪಿನ ವಂಶದ್ದೊಂದು ಲ್ಯಾಪ್‌ಟಾಪಿಗೆ ಕಸುವನ್ನೂ ಕೊಟ್ಟಿತು. ಕೋಟಿಗಟ್ಟಲೆ ಫೋನು ಮಾರಾಟವಾದ ಲಾಭ ಅದು. ಸಿಂಪ್ಯೂಟರನ್ನು ನುಂಗಿದ ಅದೇ ಮೊಬೈಲು ಲ್ಯಾಪ್‌ಟಾಪಿನ ಭಾಗಗಳನ್ನು ಅಗ್ಗ ಮಾಡಿ, ಹಗುರ ಮಾಡಿ ಕೊಟ್ಟಿತು.

ವಿಮಾನದವರು ಹಾಕಿದ ಗೆರೆ

ಪ್ರಯಾಣದ ಮಾತು ಬಂದ ಮೇಲೆ ವಿಮಾನ ನಿಲ್ದಾಣಗಳನ್ನು ಬಿಡೋ ಹಾಗಿಲ್ಲ. ಯಾಕೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಬ್ಯಾಟರಿ 100 ವ್ಯಾಟ್-ಅವರ್ ದಾಟೋದಿಲ್ಲ ಅಂತ ಯೋಚಿಸಿದ್ದೀರಾ? ಅನುಮತಿ ಕೇಳದೆ ಕ್ಯಾಬಿನ್ನಿಗೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ ಅಷ್ಟೇ. 2006ರ ಆಗಸ್ಟ್ 10ರಂದು ಲಂಡನ್ನಿನಲ್ಲಿ ವಿಮಾನ ಸ್ಫೋಟದ ಸಂಚು ಬಯಲಾದಾಗ ಬ್ರಿಟನ್ನಿನಿಂದ ಹೊರಡುವವರು ಲ್ಯಾಪ್‌ಟಾಪನ್ನೂ ಲಗೇಜಿಗೆ ಹಾಕಬೇಕಾಯಿತು. 2017ರ ಮಾರ್ಚ್‌ನಲ್ಲಿ ಅಮೆರಿಕಾ ಸರ್ಕಾರ ದುಬೈ, ಅಬುಧಾಬಿ, ದೋಹಾ ಸೇರಿ ಹತ್ತು ವಿಮಾನ ನಿಲ್ದಾಣಗಳಿಂದ ನೇರ ಬರುವವರು ಫೋನಿಗಿಂತ ದೊಡ್ಡದನ್ನು ಕ್ಯಾಬಿನ್ನಿಗೆ ತರಬಾರದು ಅಂದಿತು. ಬೆಂಗಳೂರಿನಿಂದ ವಾಪಸ್ ಬರುವ ನಮ್ಮಲ್ಲಿ ಎಷ್ಟೋ ಜನ ಹಿಡಿಯುವ ದಾರಿಯೇ ಆ ಊರುಗಳದ್ದು. ಆ ವರ್ಷದ ಜುಲೈಗೆ ನಿಷೇಧ ತೆಗೆದರು, ಆದರೆ ಆ ನಾಲ್ಕು ತಿಂಗಳು ಆಫೀಸಿನ ಲ್ಯಾಪ್‌ಟಾಪನ್ನು ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟು ತಂದವರ ಎದೆ ಹೇಗೆ ಹೊಡೆದುಕೊಂಡಿರಬೇಡ!

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಹದಿನಾರು-ಹದಿನೇಳು ಗಂಟೆ. ಆಸ್ಬರ್ನ್ 1ರಲ್ಲಿ ಬ್ಯಾಟರಿಯೇ ಇರಲಿಲ್ಲ. ಈಗಿನ ಒಳ್ಳೆ ಹಗುರ ಲ್ಯಾಪ್‌ಟಾಪ್ ಅಂಥ ಪ್ರಯಾಣದ ಬಹುಪಾಲು ಪ್ಲಗ್ ಇಲ್ಲದೆ ಕಳೆಯುತ್ತದೆ.

ಹಾಗಾದರೆ ಏನು ಕೊಳ್ಳೋದು?

ಇಷ್ಟೆಲ್ಲ ಕೇಳಿದ ಮೇಲೆ ಸೋದರಮಾವನಿಗೆ ಉತ್ತರ ಕೊಡಬೇಕಲ್ಲ. ಇತಿಹಾಸ ಹೇಳೋದು ಒಂದು ಮಾತು: ಹಗುರ ಅನ್ನೋದು ಮೊದಲು ಶ್ರೀಮಂತರ ಮನೆಗೆ ಬರುತ್ತದೆ, ಕೆಲವು ವರ್ಷ ಕಾದರೆ ಉಳಿದವರ ಮನೆಗೂ ಬರುತ್ತದೆ. ಗ್ರಿಡ್‌ನ ಮಡಚುವ ಆಕಾರ, ಏರ್‌ನ ಚಿಪ್ಪಿನ ಡಿಸ್ಕು ಎಲ್ಲಾ ಹೀಗೇ ಇಳಿದು ಬಂದವು. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಈ ವರ್ಷದ ಅಗ್ಗದ ಮಾದರಿಗಿಂತ, ಮೂರ್ನಾಲ್ಕು ವರ್ಷದ ಹಿಂದಿನ ದುಬಾರಿ, ಹಗುರ ಮಾದರಿ ವಾಸಿ. ಇಲ್ಲಿನ ಕಂಪನಿಗಳು ಕೆಲವೇ ವರ್ಷಕ್ಕೆ ನೌಕರರ ಲ್ಯಾಪ್‌ಟಾಪ್ ಬದಲಿಸುತ್ತವೆ, ಅವು ರಿಪೇರಿಯಾಗಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಇದೇ ವ್ಯಾಪಾರ.

ನೋಡಬೇಕಾದ್ದು ಇಷ್ಟು. ತೂಕವನ್ನು ಚಾರ್ಜರ್ ಸೇರಿಸಿ ಲೆಕ್ಕ ಹಾಕಿ. ಫೋನಿನ ಚಾರ್ಜರಿನ ಥರದ ಯುಎಸ್‌ಬಿ-ಸಿ ಇದ್ದರೆ ಒಂದಷ್ಟು ತೂಕ ಉಳಿಯಿತು. ಅನೇಕ ತೆಳ್ಳಗಿನ ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು, ಹಾಗಾಗಿ ಕೊಳ್ಳುವಾಗಲೇ ಬೇಕಾದಷ್ಟು ಕೊಳ್ಳಿ. ಎಂಜಿನಿಯರಿಂಗ್ ಓದುವವರಿಗೆ 16 ಗಿಗಾಬೈಟ್ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯದನ್ನು ಕೊಂಡರೆ ಅದು 11ಕ್ಕೆ ಏರುತ್ತದೆಯೇ ಕೇಳಿ, ಇಲ್ಲವಾದರೆ ಲೈನಕ್ಸ್ ಹಾಕಿಕೊಡಿ. ಕ್ರೋಮ್‌ಬುಕ್ ಆದರೆ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ನೋಡಿ. ಕ್ಯಾಲಿಫೋರ್ನಿಯಾದ ರಿಪೇರಿ ಹಕ್ಕಿನ ಕಾನೂನು 2024ರ ಜುಲೈನಿಂದ ಜಾರಿಯಲ್ಲಿದ್ದು, ನೂರು ಡಾಲರ್ ಮೇಲಿನ ಸಾಧನಗಳಿಗೆ ಏಳು ವರ್ಷ ಬಿಡಿಭಾಗ ಮತ್ತು ಕೈಪಿಡಿ ಸಿಗುವಂತೆ ಮಾಡಬೇಕು ಅನ್ನುತ್ತದೆ. ಭಾರತದ ಕಸ್ಟಮ್ಸಿನಲ್ಲಿ ವಯಸ್ಕ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ಬಿಡುತ್ತಾರೆ. ನಿಮ್ಮದೇ ಒಂದು ಇದ್ದರೆ ಮಾವನದ್ದು ಎರಡನೆಯದಾಗುತ್ತದೆ, ನೆನಪಿರಲಿ. ಮನೆಯಲ್ಲಿ ಹೆಂಡತಿಯೋ ಗಂಡನೋ ಜೊತೆಗೆ ಬರುತ್ತಿದ್ದರೆ ಆ ಲೆಕ್ಕ ಸರಿಹೋಗುತ್ತದೆ :-)

ಫೋನೇ ಸಾಕಲ್ವಾ, ಲ್ಯಾಪ್‌ಟಾಪ್ ಯಾಕೆ ಅನ್ನುವವರೂ ಇದ್ದಾರೆ. 2020ರಲ್ಲಿ ಶಾಲೆ ಕಾಲೇಜು ಮುಚ್ಚಿದಾಗ ಊರಿನ ಮಕ್ಕಳು ಅಪ್ಪನ ಫೋನಿನಲ್ಲಿ ಪಾಠ ಕೇಳಿದರು, ನಿಜ. ಕೇಳಬಹುದು, ನೋಡಬಹುದು. ಆದರೆ ಅದರಲ್ಲಿ ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿ ಬರೆಯಿರಿ, ಒಂದು ಪ್ರೋಗ್ರಾಂ ಬರೆದು ತಪ್ಪು ಹುಡುಕಿ ನೋಡೋಣ. ಅಲನ್ ಕೇ ತನ್ನ ಕನಸಿನ ಯಂತ್ರವನ್ನು ಮಕ್ಕಳು ತಾವೇ ಏನನ್ನಾದರೂ ಕಟ್ಟಲಿ ಅಂತ ಬಯಸಿದ್ದ. ಬೆಂಗಳೂರಿನವರು ಊರಿಗೊಂದಾದರೂ ಇರಲಿ ಅಂತ ಹೊರಟರು. ಈಗ ಆ ಯಂತ್ರ ಒಂದು ಕಿಲೋಗೆ ಬಂದಿದೆ, ಹಳೆಯದಾದರೆ ಇನ್ನೂರು ಡಾಲರಿಗೂ ಸಿಗುತ್ತದೆ, ಸಿಂಪ್ಯೂಟರಿಗೆ ಅಂದುಕೊಂಡಿದ್ದ ಅದೇ ಬೆಲೆ. ನಿಮ್ಮ ಮನೆಯ ಕಪಾಟಿನಲ್ಲಿ ಮೂರು ವರ್ಷದ ಹಿಂದಿನದೊಂದು ಸುಮ್ಮನೆ ಕೂತಿದ್ದರೆ, ಈ ಸಲ ಊರಿಗೆ ಹೋಗುವಾಗ ಹೊಸ ಬ್ಯಾಟರಿ ಹಾಕಿಸಿ, ಕನ್ನಡ ಕೀಬೋರ್ಡ್ ಸೇರಿಸಿ ಒಯ್ಯಿರಿ. ಬೇಕಾದವರು ಅಲ್ಲಿ ಖಂಡಿತಾ ಇರುತ್ತಾರೆ.